ಪೇಷಂಟ್ ಕಡೆಯವರು

ಸಿರಾ ಸೀಮೆಯಲ್ಲಿ ಈಗ ಹುಣಸೆಹಣ್ಣಿನ ಕಾಲ. ಜಗಲಿಯ ಮೇಲೆ ರಾಶಿ ಹಣ್ಣು ಸುರುವಿಕೊಂಡು ನೀವು ಐದಾರು ಹೆಂಗಸರು ಸುತ್ತ ಕೂತಿದ್ದೀರಿ. ಒಬ್ಬರು ಸಿಪ್ಪೆ ಬಡಿದರೆ ಇನ್ನೊಬ್ಬರು ನಾರು ಎಳೆಯುತ್ತಾರೆ, ಮತ್ತೊಬ್ಬರು ಬೀಜ ಬಿಡಿಸುತ್ತಾರೆ. ಬೆರಳೆಲ್ಲ ಅಂಟಂಟು. ಮಾತು ಯಾರದೋ ಮನೆಯ ಬೀಗರೂಟದಿಂದ ಹೊರಟು ಸಂಘದ ಕಂತಿನವರೆಗೆ ಹೋಗಿ ಬರುತ್ತಿದೆ. ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆದ್ದರೂ ಪಕ್ಕದ ಮನೆಯ ಅಕ್ಕ ಮಾತ್ರ ಏಳುವುದಿಲ್ಲ. ಅವಳ ಹೆಸರು ಬೇಡ. ಇಂಥ ಅಕ್ಕ ನಿಮ್ಮ ಬೀದಿಯಲ್ಲೂ ಇದ್ದಾಳೆ.

"ಎಡಗಡೆ ಎದೇಲಿ ಏನೋ ಗಂಟು ಸಿಕ್ತೈತೆ ಕಣವ್ವ. ಈ ಬೀಜದಂಗೇ ಗಟ್ಟಿಗೈತೆ. ನೋವಿಲ್ಲ, ಏನಿಲ್ಲ."

"ಯಾವಾಗಿಂದ ಅಕ್ಕಾ?"

"ದೀಪಾವಳಿ ಎಣ್ಣೆನೀರು ಹಾಕ್ಕಳೋವಾಗ ಕೈಗೆ ಸಿಕ್ತು."

ದೀಪಾವಳಿ ಕಳೆದು ಮೂರು ತಿಂಗಳ ಮೇಲಾಗಿದೆ. ಅಷ್ಟು ದಿನ ಅವಳು ಇದನ್ನು ಯಾರಿಗೂ ಹೇಳಿಲ್ಲ. ಈಗ ನಿಮಗೆ ಹೇಳಿದ್ದಾಳೆ. ನಿಮ್ಮ ಬಾಯಿಂದ ಮುಂದೆ ಬರುವ ಮಾತಿಗೆ ಎಷ್ಟು ತೂಕವಿದೆ ಎಂಬುದು ಆ ಕ್ಷಣಕ್ಕೆ ಹೊಳೆಯುವುದೂ ಕಷ್ಟ. "ಏನೂ ಇರಲ್ಲ ಬಿಡಕ್ಕ, ವಾಯು ಕಟ್ಟಿರ್ತೈತೆ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇದೆ. ಪ್ರೀತಿಯಿಂದಲೇ ಬರುವ ಮಾತು ಅದು. ಆದರೆ ಅದನ್ನು ಕೇಳಿ ಅಕ್ಕ ನೆಮ್ಮದಿಯಿಂದ ಮನೆಗೆ ಹೋಗಿ ಯುಗಾದಿವರೆಗೂ ಸುಮ್ಮನಿರುತ್ತಾಳೆ. "ಅಯ್ಯೋ, ಅದೇ ಇರಬೇಕು!" ಅಂದರೆ ಹೆದರಿ ಮುಚ್ಚಿಡುತ್ತಾಳೆ. ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲವೆಂದು ಬಿಡುವ ಹಾಗೂ ಇಲ್ಲ, ಏಕೆಂದರೆ ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿದ್ದಿದ್ದರೆ ಅಕ್ಕ ದೀಪಾವಳಿಗೇ ಹೇಳುತ್ತಿದ್ದಳು.

"ನಾಳೆ ಬೆಳಗ್ಗೆ ಸಿಸ್ಟರ್ ಹತ್ರ ಹೋಗಿ ತೋರಿಸೋಣ. ನಾನೂ ಬರ್ತೀನಿ" ಅನ್ನುತ್ತೀರಿ.

ಅಕ್ಕ ಮೊದಲರ್ಧಕ್ಕೆ ತಲೆ ಅಲ್ಲಾಡಿಸುತ್ತಾಳೆ. ಎರಡನೆಯದಕ್ಕೆ ತಲೆ ಎತ್ತಿ ನಿಮ್ಮನ್ನು ನೋಡುತ್ತಾಳೆ.

ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದೆ. ಗೋಡೆಗೆ ಹಳದಿ ಬಣ್ಣ ಬಂದಿದೆ, ಒಳಗೆ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಅವರು 'ಸಿಸ್ಟರ್'. ಆಶಾ ಕಾರ್ಯಕರ್ತೆ ಮೊದಲೇ ಬಂದು ಅರ್ಜಿ ತುಂಬುತ್ತಿದ್ದಾರೆ. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ತುಂಬಬೇಕಾದದ್ದು ಅದು. ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಕ್ಯಾನ್ಸರಿನ ಪ್ರಶ್ನೆಗಳೂ ಅದರಲ್ಲಿವೆ. 30ರಿಂದ 65ರೊಳಗಿನ ಹೆಂಗಸರ ಎದೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಕೈಯಿಂದ ಪರೀಕ್ಷಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಅದಕ್ಕೆ ಕಾಸು ಖರ್ಚಿಲ್ಲ. ಇಷ್ಟಿದ್ದೂ ಅಕ್ಕನ ಅರ್ಜಿಯಲ್ಲಿ ಆ ಜಾಗ ಖಾಲಿ. ಆಶಾ ಎರಡು ಸಲ ಮನೆಗೆ ಬಂದಾಗಲೂ ಅವಳು ಹೊಲದಲ್ಲಿದ್ದಳು.

ಪರದೆಯ ಹಿಂದೆ ಕಬ್ಬಿಣದ ಮಂಚ. ಅಕ್ಕ ಸೆರಗನ್ನು ಎರಡು ಸುತ್ತು ಬಿಗಿದುಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಿದ್ದಾಳೆ. ಸಿಸ್ಟರ್ ನಿಮ್ಮ ಕಡೆ ತಿರುಗಿ, "ನಿಮ್ದು ಯಾವಾಗ ಮಾಡಿಸಿದ್ದೀರಮ್ಮಾ?" ಎಂದು ಕೇಳುತ್ತಾರೆ. ನಿಮ್ಮದೂ ಆಗಿಲ್ಲ. ಹಾಗಾದರೆ ಮೊದಲು ನೀವೇ ಹೋಗಿ.

ಮಂಚದ ಮೇಲೆ ಮಲಗಿ ಒಂದು ಕೈಯನ್ನು ತಲೆಯ ಹಿಂದೆ ಇಡುತ್ತೀರಿ. ಸಿಸ್ಟರ್ ಮೊದಲು ಕಣ್ಣಿಂದ ನೋಡುತ್ತಾರೆ. ಚರ್ಮ ಎಲ್ಲಾದರೂ ಒಳಕ್ಕೆ ಎಳೆದುಕೊಂಡಿದೆಯೇ, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗಿದೆಯೇ, ತೊಟ್ಟು ಹೊಸದಾಗಿ ಒಳಸರಿದಿದೆಯೇ, ಅದರಿಂದ ರಕ್ತ ಜಿನುಗುತ್ತಿದೆಯೇ ಎಂದು. ಆಮೇಲೆ ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ತುದಿಯಿಂದ ಚುಚ್ಚದೆ ಮೆತ್ತನೆಯ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ಒತ್ತುತ್ತಾರೆ. ಮೊದಲು ಹಗುರವಾಗಿ, ಆಮೇಲೆ ಪಕ್ಕೆಲುಬು ತಾಗುವಷ್ಟು. ಕಂಕುಳು, ಕೊರಳ ಮೂಳೆಯ ಮೇಲಿನ ತಗ್ಗು, ಎಲ್ಲ ಆಗುತ್ತದೆ. ನಿಮ್ಮ ಹುಬ್ಬು ಗಂಟಿಕ್ಕುವುದೂ ಇಲ್ಲ, ಅಷ್ಟು ಸುಲಭ. ಮುಟ್ಟು ಮುಗಿದ ಮೂರ್ನಾಲ್ಕು ದಿನಕ್ಕೆ, ಎದೆ ಮೆತ್ತಗಿರುವಾಗ, ಇದನ್ನೇ ಮನೆಯಲ್ಲಿ ಮಾಡಿಕೊಳ್ಳಿ, ನಿಮ್ಮ ಎದೆ ಮಾಮೂಲಿಗೆ ಹೇಗಿರುತ್ತೆ ಅಂತ ಗೊತ್ತಿದ್ದರೆ ಬದಲಾದದ್ದು ತಿಳಿಯುತ್ತೆ ಅನ್ನುತ್ತಾರೆ ಸಿಸ್ಟರ್. ನೀವು ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು "ಏನೂ ಇಲ್ಲ ಹೋಗಕ್ಕ, ನೋವಾಗಲ್ಲ" ಅಂದಾಗ ಅಕ್ಕನ ಸೆರಗು ಸಡಿಲವಾಗುತ್ತದೆ.

ಈ ಬರಿಗೈಯ ಪರೀಕ್ಷೆಯನ್ನು ಕಡೆಗಣಿಸುವವರಿಗೆ ಮುಂಬಯಿಯ ಕೊಳೆಗೇರಿಗಳ ಕತೆ ಹೇಳಬೇಕು. 1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಅವರ ತಂಡ ಅಲ್ಲಿ ಒಂದು ದೊಡ್ಡ ಅಧ್ಯಯನ ಶುರುಮಾಡಿತು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೆಂಗಸರ ಎದೆಯನ್ನು ಕೈಯಿಂದ ಪರೀಕ್ಷಿಸಿದರು. ಅಧ್ಯಯನದಲ್ಲಿದ್ದವರು 35ರಿಂದ 64ರೊಳಗಿನ 1,51,538 ಹೆಂಗಸರು, ಅವರಲ್ಲಿ ಅರ್ಧದಷ್ಟು ಜನರಿಗೆ ಈ ಪರೀಕ್ಷೆ. 20 ವರ್ಷ ಕಾದು ಲೆಕ್ಕ ಹಾಕಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ ರೋಗ ಬೇಗ ಪತ್ತೆಯಾಗಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. 50ರೊಳಗಿನವರಲ್ಲಿ ಸಾವು ಹಾಗೆ ಇಳಿದದ್ದು ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಮ್ಯಾಮೊಗ್ರಫಿ ಯಂತ್ರ ಊರೂರಿಗೆ ಬರಲಾರದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ ಸಂಸ್ಥೆಯು ಕಣ್ಣು ಕಾಣದ ಯುವತಿಯರಿಗೆ ಇದೇ ಕೆಲಸದ ತರಬೇತಿ ಕೊಟ್ಟಿದೆ. ಜರ್ಮನಿಯ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್ಮನ್ ರೂಪಿಸಿದ ಕ್ರಮವದು. ಬೆರಳಿಗೆ ತಾಗುವ ಗುರುತುಗಳಿರುವ ಪಟ್ಟಿಗಳನ್ನು ಪರೀಕ್ಷೆಗೆ ಬಂದವರ ಎದೆಯ ಮೇಲೆ ಅಂಟಿಸಿ, ಇಂಚಿಂಚೂ ಬಿಡದೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಟ್ಟಿ ನೋಡುತ್ತಾರೆ. ಬ್ರೈಲ್ ಓದಿ ಪಳಗಿದ ಬೆರಳುಗಳು ಅವು.

ಪರದೆಯ ಹಿಂದೆ ಮೌನ. ಸಿಸ್ಟರ್ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದಾರೆಂದು ನಿಮಗೆ ಹೊರಗಿನಿಂದಲೇ ಗೊತ್ತಾಗುತ್ತದೆ. ಅವರು ಹೊರಬಂದು ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. "ಗಂಟು ಐತೆ. ಡಾಕ್ಟ್ರು ನೋಡ್ಬೇಕು. ತಡ ಮಾಡ್ಬೇಡಿ."

ಎರಡು ದಿನದಲ್ಲಿ ತಾಲ್ಲೂಕು ಆಸ್ಪತ್ರೆಯೂ ಮುಗಿದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರೆಫರಲ್ ಪತ್ರ ಕೈಗೆ ಬರುತ್ತದೆ. ಆ ಸಂಜೆ ನೀವು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತಿದ್ದೀರಿ. ಭಾವ ಬೀಡಿ ಹಚ್ಚುವುದಕ್ಕೆ ಹೋಗಿ ಹಾಗೇ ಕೈಯಲ್ಲಿ ಹಿಡಿದಿದ್ದಾರೆ.

"ಬೆಂಗ್ಳೂರಾಗೆ ನಂಗೆ ದಿಕ್ಕೂ ತಿಳಿಯಲ್ಲ ಕಣಮ್ಮ. ಎರಡು ಹಸ ಕರೀತಾವೆ. ಹುಡುಗನ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಗಳಿಗೆ ಗಂಡು ನೋಡ್ತಾ ಇದೀವಿ, ಈ ಸುದ್ದಿ ಹಬ್ಬಿದ್ರೆ ಯಾರು ಬರ್ತಾರೆ?"

ಅವರು ಕೆಟ್ಟ ಗಂಡನಲ್ಲ, ದಿಗಿಲಾಗಿದ್ದಾರೆ. ನಮ್ಮ ನಾಡಿನಲ್ಲಿ ಗಂಟು ಕೈಗೆ ಸಿಕ್ಕ ಹೆಂಗಸು ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಿಂಗಳುಗಳೇಕೆ ಕಳೆಯುತ್ತವೆ ಎಂಬುದಕ್ಕೆ ಉತ್ತರ ಈ ಪಡಸಾಲೆಯಲ್ಲಿದೆ. ಔಷಧಿ ಇದೆ, ಆಸ್ಪತ್ರೆ ಇದೆ, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ದಾರಿಯೂ ಇದೆ. ಹಸು ಕರೆಯುವವರು ಯಾರು ಎಂಬುದಕ್ಕೆ ಯಾವ ಯೋಜನೆಯೂ ಇಲ್ಲ.

ಆದ್ದರಿಂದ ಮೊದಲು ಹಸುವಿನ ಮಾತಾಡಿ. ಬೆಳಗ್ಗೆ ಕರೆದು ಡೈರಿಗೆ ಹಾಕುವುದು ಎದುರುಮನೆಯವರದು, ಸಂಜೆಯದು ನಿಮ್ಮ ಅತ್ತೆಯದು. ಹುಡುಗನಿಗೆ ಮಧ್ಯಾಹ್ನದ ಊಟ ಮೂರನೆಯ ಮನೆಯಲ್ಲಿ. ಮಗಳ ಮದುವೆಯ ಮಾತಿಗೆ ತಕ್ಷಣಕ್ಕೆ ಸಿಗುವ ಸಮಾಧಾನ ಸಣ್ಣದು, ಆದರೂ ಹೇಳಿ: ಸ್ತನ ಕ್ಯಾನ್ಸರುಗಳಲ್ಲಿ ವಂಶವಾಹಿಯಿಂದ ನೇರವಾಗಿ ಬರುವವು ನೂರಕ್ಕೆ ಐದರಿಂದ ಹತ್ತು ಮಾತ್ರ. ಇದು ಅಂಟುರೋಗವೂ ಅಲ್ಲ. ಇನ್ನು ಊರಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಅಕ್ಕನಿಗೆ ಬಿಟ್ಟದ್ದು. ಹಾಲು ಕರೆಯಲು ಬರುವವರಿಗೆ "ಬೆಂಗ್ಳೂರಿಗೆ ಹೋಗವ್ರೆ" ಎಂಬಷ್ಟೇ ಸಾಕು. ಕಾಯಿಲೆಯ ಹೆಸರು ಕೇಳದೆ ಹಸು ಕರೆದುಕೊಡುವ ನೆರೆಹೊರೆ ದೊಡ್ಡ ಆಸ್ತಿ.

ಬೆಳಗಿನ ಮೊದಲ ಬಸ್ಸು. ಕಂಡಕ್ಟರಿಗೆ ಇಬ್ಬರೂ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತೀರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಈ ಯೋಜನೆಯ ಬಗ್ಗೆ ಏನೇನೋ ಚರ್ಚೆ ನಡೆದಿದೆ. ಆಸ್ಪತ್ರೆಗೆ ಹೊರಟ ಹೆಂಗಸಿನ ಜೊತೆಗೆ ಇನ್ನೊಬ್ಬ ಹೆಂಗಸು ಬಸ್ ಚಾರ್ಜಿನ ಯೋಚನೆ ಇಲ್ಲದೆ ಹತ್ತಬಹುದು ಎಂಬ ಮಾತನ್ನು ಆ ಚರ್ಚೆಯಲ್ಲಿ ನಾನು ಹೆಚ್ಚು ಕೇಳಲಿಲ್ಲ.

ಚೀಲದಲ್ಲಿ ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿ, ನೀರಿನ ಬಾಟಲಿ. ಪ್ಲಾಸ್ಟಿಕ್ ಕವರಿನಲ್ಲಿ ರೆಫರಲ್ ಪತ್ರ, ಪಡಿತರ ಚೀಟಿ, ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್. ಒಂದು ನೋಟ್‌ಬುಕ್ಕು, ಪೆನ್ನು. ಅಕ್ಕ ತುಮಕೂರು ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇರುತ್ತಾಳೆ. ಮಾತಾಡಿಸಬೇಡಿ. ಪಕ್ಕದಲ್ಲಿ ಕೂತಿರಿ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು. ಶಾಂತಿನಗರ, ವಿಲ್ಸನ್ ಗಾರ್ಡನ್ ದಾಟಿ ನಿಮ್ಹಾನ್ಸ್ ಪಕ್ಕಕ್ಕೆ ಬರುತ್ತಿದ್ದಂತೆ ಬಸ್ಸಿನ ಅರ್ಧದಷ್ಟು ಜನ ಚೀಲ ಎತ್ತಿಕೊಂಡು ಏಳುತ್ತಾರೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದದ್ದು, ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನದು. ಆವರಣದೊಳಗೆ ಕಾಲಿಟ್ಟರೆ ಇಡೀ ಕರ್ನಾಟಕದ ಮಾತು ಒಟ್ಟಿಗೆ ಕಿವಿಗೆ ಬೀಳುತ್ತದೆ. ರಾಯಚೂರಿನ ಎಳೆತ, ಕೊಡಗಿನ ಮೆಲುದನಿ, ನಡುವೆ ಅನಂತಪುರದ ತೆಲುಗು. ಕೆಲವರ ತಲೆಗೆ ಟವೆಲ್ಲು, ಕೆಲವರ ಬಾಯಿಗೆ ಮಾಸ್ಕು. ಮರದ ಕೆಳಗೆ ಚಾಪೆ ಹಾಸಿ ಮಗುವಿಗೆ ಅನ್ನ ಕಲಸುವ ತಾಯಿ.

ನೋಂದಣಿ, ಹೊಸ ಫೈಲು, ಆರೋಗ್ಯಮಿತ್ರರ ಮೇಜು, ರಕ್ತಪರೀಕ್ಷೆ. ಕೋಣೆಯಿಂದ ಕೋಣೆಗೆ. ಅಕ್ಕನಿಗೆ ಓದು ಬರುತ್ತದೆ, ಆದರೆ ಇವತ್ತು ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುತ್ತಿಲ್ಲ. ಬಾಗಿಲಲ್ಲಿ ಒಬ್ಬರು ಫೈಲು ಹಿಡಿದು ಕೂಗುತ್ತಾರೆ: "ಪೇಷಂಟ್ ಕಡೆಯವರು ಯಾರು?"

ನೀವು ಏಳುತ್ತೀರಿ. ಇದೇ ನಿಮ್ಮ ಕೆಲಸ. ವೈದ್ಯರು ಹೇಳಿದ್ದನ್ನು ಅಕ್ಕ ಕೇಳಿಸಿಕೊಳ್ಳುತ್ತಾಳೆ, ಆದರೆ ಹೊರಗೆ ಬರುವಷ್ಟರಲ್ಲಿ ಅರ್ಧ ಉಳಿದಿರುವುದಿಲ್ಲ. ಆ ಭಯದಲ್ಲಿ ಯಾರಿಗೂ ಉಳಿಯುವುದಿಲ್ಲ. ನೀವು ಬರೆದುಕೊಳ್ಳಿ: ಇವತ್ತು ಯಾವ ಪರೀಕ್ಷೆ ಆಯಿತು, ಇನ್ನು ಯಾವುದು ಬಾಕಿ, ರಿಪೋರ್ಟು ಎಂದು, ಎಲ್ಲಿ. ಅರ್ಥವಾಗದಿದ್ದರೆ "ಡಾಕ್ಟ್ರೇ, ಇನ್ನೊಂದ್ಸಲ ಹೇಳ್ತೀರಾ?" ಎಂದು ಕೇಳಲು ಸಂಕೋಚ ಬೇಡ.

ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ರಾಯಚೂರು ಕಡೆಯ ಒಬ್ಬ ತಾಯಿ. ಒಬ್ಬಳೇ ಬಂದಿದ್ದಾಳೆ. ಮಗ ಕೂಲಿಗೆ ಮುಂಬಯಿಯಲ್ಲಿದ್ದಾನಂತೆ. ಮ್ಯಾಮೊಗ್ರಾಮಿಗೆ ಕರೆದಾಗ ತನ್ನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವುಚಿಕೊಂಡು ನಿಂತಿದ್ದಾಳೆ. "ಕೊಡ್ರಿ ಅಮ್ಮಾ, ನಾನು ನೋಡ್ಕೋತೀನಿ" ಅನ್ನುತ್ತೀರಿ. ಅರ್ಧ ಗಂಟೆಯ ನಂತರ ಇನ್ನೊಂದು ಬಾಗಿಲಲ್ಲಿ ಅವಳ ಹೆಸರು ಕೂಗಿ, "ಪೇಷಂಟ್ ಕಡೆಯವರು?" ಅನ್ನುತ್ತಾರೆ. ಯಾರೂ ಏಳುವುದಿಲ್ಲ. ಎರಡನೇ ಸಲ ಕೂಗುತ್ತಾರೆ. ನೀವು ಎದ್ದು ಹೋಗುತ್ತೀರಿ.

ಅವಳ ಫೈಲಿನಲ್ಲಿ ನೀವು ಇನ್ನೂ ಒಂದು ಕೆಲಸ ಮಾಡಿಕೊಡಬಹುದು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವವರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ಜನರಲ್ ಬೋಗಿಯ ಬಾಗಿಲಲ್ಲಿ ರಾತ್ರಿಯಿಡೀ ಕೂತು ಬರುವವರಿದ್ದಾರೆ. ಕಲಬುರಗಿಯಲ್ಲೇ ಕಿದ್ವಾಯಿಯ ಕೇಂದ್ರವಿದೆ ಎಂಬುದೂ ಎಲ್ಲರಿಗೂ ಗೊತ್ತಿಲ್ಲ. ಗೊತ್ತಿದ್ದವರು ಬೆಂಚಿನ ಮೇಲೆ ಪಕ್ಕದವರಿಗೆ ಹೇಳಬೇಕು, ಅಷ್ಟೇ.

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1,92,000 ಹೆಂಗಸರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಬಂತೆಂದು ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕಾನ್‌ನ ಅಂದಾಜು, ಅದೇ ವರ್ಷ ಸತ್ತವರು ಸುಮಾರು 98,000. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರಬೇಕಾಗಿಲ್ಲ. ಬೇಗ ಬಂದು ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಬದುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೇಶಗಳ ಮುಂದಿಟ್ಟಿರುವ ಗುರಿಯೂ ಅದನ್ನೇ ಹೇಳುತ್ತದೆ: ನೂರರಲ್ಲಿ 60 ಜನರಿಗಾದರೂ ರೋಗ ಮೊದಲೆರಡು ಹಂತದಲ್ಲೇ ಪತ್ತೆಯಾಗಬೇಕು, ಮೊದಲು ತೋರಿಸಿದ ದಿನದಿಂದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕು, 80 ಜನರಾದರೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದೆ ಮುಗಿಸಬೇಕು. ಆ ಬೆಂಚಿನ ಮೇಲೆ ಕೂತಾಗ ಇವು ಸರ್ಕಾರಗಳ ಗುರಿ ಅನ್ನಿಸುವುದಿಲ್ಲ. ಅಕ್ಕನ 60 ದಿನ ಸಿಸ್ಟರ್ ಚೀಟಿ ಬರೆದ ದಿನದಿಂದಲೇ ಓಡುತ್ತಿದೆ.

ಬಯಾಪ್ಸಿ ಎಂದಾಗ ಅಕ್ಕ ಕಾಲು ಹಿಂದಿಡುತ್ತಾಳೆ. "ಸೂಜಿ ಚುಚ್ಚಿದ್ರೆ ಮೈಯೆಲ್ಲ ಹರಡ್ತೈತಂತೆ. ನಮ್ಮೋರು ಹೇಳವ್ರೆ. ನಾಟಿ ಔಷ್ದಿ ಕೊಡೋರು ಒಬ್ರವ್ರಂತೆ, ಮೊದ್ಲು ಅಲ್ಲಿಗೆ ಹೋಗಿ ಬರಾಣ." ಎಷ್ಟೋ ಫೈಲುಗಳು ಇಲ್ಲೇ ನಿಂತುಹೋಗುತ್ತವೆ. ಸೂಜಿ ಚುಚ್ಚುವುದರಿಂದ ರೋಗ ಹರಡುವುದಿಲ್ಲ. ಗಂಟು ಯಾವ ಜಾತಿಯದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವುದಕ್ಕೆ ಬೇರೆ ದಾರಿ ಇಲ್ಲ. ನೀವು ವಾದ ಮಾಡುವುದಕ್ಕಿಂತ ಒಳ್ಳೆಯದು, ಈ ಭಯವನ್ನು ಅಕ್ಕನ ಎದುರಿಗೇ ನರ್ಸಮ್ಮನಿಗೆ ಹೇಳುವುದು. ದಿನವೂ ಇದೇ ಪ್ರಶ್ನೆಗೆ ಉತ್ತರ ಹೇಳುವ ಅವರ ಮಾತಿನಲ್ಲಿ ನಿಮ್ಮ ಮಾತಿಗಿಲ್ಲದ ಬಲವಿದೆ. ಮರಗಟ್ಟಿಸುವ ಇಂಜೆಕ್ಷನ್ ಆದ ಮೇಲೆ 'ಟಕ್' ಎಂಬ ಸದ್ದು, ಮತ್ತೆ ಒಂದೆರಡು ಸಲ ಟಕ್. ಅಕ್ಕ ನಿಮ್ಮ ಮಣಿಕಟ್ಟು ಹಿಡಿದಿದ್ದಾಳೆ. ಬಳೆ ಒತ್ತಿದ ಗುರುತು ಸಂಜೆಯವರೆಗೂ ಉಳಿಯುತ್ತದೆ.

ರಿಪೋರ್ಟು ಬರುತ್ತದೆ. ಎರಡನೇ ಹಂತ. ಮೊದಲು ಕೀಮೋ, ಆಮೇಲೆ ಆಪರೇಷನ್, ರೇಡಿಯೇಷನ್, ಕೊನೆಗೆ ವರ್ಷಗಟ್ಟಲೆ ಮಾತ್ರೆ. ವಾಸಿಯಾಗುವ ಕಾಯಿಲೆ ಅನ್ನುತ್ತಾರೆ ವೈದ್ಯರು. ಅಕ್ಕ ಕೇಳುವ ಮೊದಲ ಪ್ರಶ್ನೆ: "ಹಾಲು ಕರೀಬೋದಾ ಸಾರ್?"

ಕೀಮೋ ಮೂರು ವಾರಕ್ಕೊಂದು ಸುತ್ತು. ಮೊದಲ ಸುತ್ತುಗಳಲ್ಲಿ ಹೋಗುವುದು ಕೆಂಪು ಬಣ್ಣದ ಔಷಧಿ. ಅದಾದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ಔಷಧಿಯ ಬಣ್ಣ, ರಕ್ತವಲ್ಲ ಎಂದು ಮೊದಲೇ ತಿಳಿದಿದ್ದರೆ ಮನೆಯವರು ಗಾಬರಿಯಾಗುವುದಿಲ್ಲ. ಈಗ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಕೇಂದ್ರಗಳು ತೆರೆದಿವೆ. ಮುಂದಿನ ಸುತ್ತುಗಳನ್ನು ಹತ್ತಿರದಲ್ಲೇ ಕೊಡಬಹುದೇ ಎಂದು ಕೇಳುವುದನ್ನು ಮರೆಯಬೇಡಿ.

ಊರಿನಲ್ಲಿ ನೀವು ಮಾಡಬೇಕಾದ ಬಹು ಮುಖ್ಯ ಕೆಲಸಕ್ಕೆ ಬೇಕಾದದ್ದು ಒಂದು ಥರ್ಮಾಮೀಟರು. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ನಡುವೆ ರಕ್ತದಲ್ಲಿನ ಬಿಳಿ ಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. 100.4 ಡಿಗ್ರಿ ದಾಟಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಡೋಲೋ ನುಂಗಿಸಿ ಮಲಗಿಸುವಂತಿಲ್ಲ.

ರಾತ್ರಿ ಒಂದೂವರೆ. ಅಕ್ಕನ ಮಗ ಬಾಗಿಲು ಬಡಿಯುತ್ತಾನೆ. "ಅಮ್ಮ ನಡುಗ್ತಾ ಐತೆ ಚಿಕ್ಕಮ್ಮಾ." ಥರ್ಮಾಮೀಟರಿನಲ್ಲಿ 101. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಊರಿನ ಆಟೋದವನ ನಂಬರಿದೆ. ಅವನಿಗೆ ಮೊದಲೇ ಹೇಳಿಟ್ಟದ್ದರಿಂದ ಎರಡನೇ ರಿಂಗಿಗೇ ಎತ್ತುತ್ತಾನೆ. ಲುಂಗಿಯಲ್ಲೇ ಬಂದಿದ್ದಾನೆ. ಗುಂಡಿ ತಪ್ಪಿಸುತ್ತ, ಆದಷ್ಟು ಜೋರಾಗಿ ಓಡಿಸುತ್ತಾನೆ. ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ನೀವು ಹೇಳಬೇಕಾದ ಮೊದಲ ವಾಕ್ಯ: "ಕೀಮೋ ಆಗಿ ಹತ್ತು ದಿನ, ಜ್ವರ ಬಂದಿದೆ." ಫೈಲು ಮುಂದಿಡಿ. ಆ ಒಂದು ವಾಕ್ಯದಿಂದ ಸಾಲು ಬದಲಾಗುತ್ತದೆ, ರಕ್ತ ತೆಗೆಯುತ್ತಾರೆ, ಆ್ಯಂಟಿಬಯಾಟಿಕ್ ಡ್ರಿಪ್ ಏರುತ್ತದೆ. ಬೆಳಗಿನ ಹೊತ್ತಿಗೆ ಅಕ್ಕನ ಹಣೆಯಲ್ಲಿ ಬೆವರು. ಆಟೋದವನು ಹೊರಗೆ ಸೀಟಿನ ಮೇಲೆ ಮುದುಡಿ ಮಲಗಿದ್ದಾನೆ. ಬಾಡಿಗೆ ಕೇಳಿದರೆ, "ಡೀಸೆಲ್ ದುಡ್ಡು ಕೊಡಿ ಸಾಕು" ಅನ್ನುತ್ತಾನೆ. ಕ್ಯಾನ್ಸರ್ ವಿರುದ್ಧದ ಹೋರಾಟದಲ್ಲಿ ಇವನ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ, ಆದರೆ ಆ ರಾತ್ರಿ ಅಕ್ಕನ ಜೀವ ನಿಂತದ್ದು ಅವನು ಫೋನೆತ್ತಿದ್ದರ ಮೇಲೆ.

ನೋಡಲು ಬರುವ ನೆಂಟರನ್ನು ತಡೆಯುವುದೂ ನಿಮ್ಮ ಪಾಲಿಗೇ ಬರುತ್ತದೆ. ನೆಗಡಿ ಇದ್ದವರು ಬಾಗಿಲಾಚೆಯೇ ನಿಲ್ಲಲಿ. "ನಮ್ಮ ಸೋದರತ್ತೆಗೂ ಇದೇ ಆಗಿತ್ತು, ಆರು ತಿಂಗಳೂ ಉಳೀಲಿಲ್ಲ" ಎಂದು ಶುರುಮಾಡುವವರನ್ನು ಕಾಫಿಗೆಂದು ಅಡುಗೆಮನೆಗೆ ಕರೆದೊಯ್ಯಿರಿ. ಅಕ್ಕನ ಲೋಟವನ್ನು ಯಾರೋ ಬೇರೆ ಇಟ್ಟಿರುವುದು ಕಂಡರೆ ಮಾತಾಡಬೇಡಿ, ಅದೇ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಎಲ್ಲರ ಎದುರು ಕುಡಿಯಿರಿ.

ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ದಿಂಬಿನ ಮೇಲೆ, ಬಚ್ಚಲಲ್ಲಿ, ಸಾರಿನ ತಟ್ಟೆಯಲ್ಲೂ. ಅಕ್ಕ ಅತ್ತದ್ದು ರಿಪೋರ್ಟು ಬಂದ ದಿನವಲ್ಲ, ಈಗ. ಕೊನೆಗೆ ಹಿತ್ತಲಲ್ಲಿ ಕೂತು ನೀವೇ ಕತ್ತರಿಯಿಂದ ಪೂರ್ತಿ ಮೊಟಕು ಮಾಡುತ್ತೀರಿ. ಬೀದಿಯಲ್ಲಿ ಯಾರಾದರೂ "ತಿರುಪತಿಗೆ ಹೋಗಿದ್ರಾ?" ಎಂದು ಕೇಳಿದರೆ ಅಕ್ಕ ಹೂಂ ಅನ್ನುತ್ತಾಳೆ, ಅದಕ್ಕೆ ನೀವೂ ಹೂಂ ಅನ್ನಿ. ಪಟ್ಟಣದ ಕಾಲೇಜು ಹುಡುಗಿಯರು ಉದ್ದ ಕೂದಲನ್ನು ವಿಗ್ಗಿಗಾಗಿ ಕೊಡುತ್ತಾರೆ, ಸಾಮಾನ್ಯವಾಗಿ 12 ಇಂಚಿನಷ್ಟಾದರೂ ಬೇಕು. ಅಕ್ಕನಿಗೆ ವಿಗ್ಗು ಬೇಡ, ಸೆರಗು ಸಾಕು.

ಆಪರೇಷನ್ನಿನಲ್ಲಿ ಎಡ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಮನೆಗೆ ಬಂದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವ ವ್ಯಾಯಾಮವನ್ನು ದಿನವೂ ಮಾಡಬೇಕು. ನಿನ್ನೆ ಮುಟ್ಟಿದ್ದು ಎಲ್ಲಿಯವರೆಗೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಆ ಕೈಯಲ್ಲಿ ಭಾರ ಎತ್ತಿದರೆ, ಗಾಯವಾದರೆ, ತೋಳು ಊದಿಕೊಳ್ಳುವ ಅಪಾಯವಿದೆ. ಹಾಗಾಗಿ ನಲ್ಲಿ ಬಿಟ್ಟಾಗ ಅಕ್ಕನ ಮನೆಯ ಬಿಂದಿಗೆಗಳು ನಿಮ್ಮವು. ಕುಡುಗೋಲು ಹಿಡಿಯಲು ಹೋದರೆ ಗದರಿಸಿ. ಆಸ್ಪತ್ರೆಯ ರಕ್ತಪರೀಕ್ಷೆಗೆ, ಬಿಪಿಗೆ ಆ ಕೈ ಕೊಡದಂತೆ ನೆನಪಿಸಿ.

ಅಕ್ಕ ರವಿಕೆಯೊಳಗೆ ಹಳೇ ಬಟ್ಟೆ ಮಡಚಿಟ್ಟುಕೊಳ್ಳುತ್ತಿದ್ದಾಳೆ. ಅದು ಜಾರುತ್ತದೆ, ಬೆವರಿಗೆ ಕೆರೆತ. ಮುಂದಿನ ಸಲ ಬೆಂಗಳೂರಿನಲ್ಲಿ ನೀವು ವಿಚಾರಿಸಿದಾಗ ಒಂದು ಮೆತ್ತನೆಯ ಪೊಟ್ಟಣ ಕೈಗೆ ಬರುತ್ತದೆ. ಹತ್ತಿ ನೂಲಿನಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ ಸ್ತನ, ಒಳಗೆ ಹಗುರ ನಾರು. ಅಮೆರಿಕದ ಬಾರ್ಬರಾ ಡೆಮೊರೆಸ್ಟ್ ತನ್ನ ಶಸ್ತ್ರಚಿಕಿತ್ಸೆಯ ನಂತರ ಶುರುಮಾಡಿದ ಈ ಕೆಲಸವನ್ನು ಭಾರತದಲ್ಲೂ ಸ್ವಯಂಸೇವಕಿಯರ ಗುಂಪು ನಡೆಸುತ್ತಿದೆ, ಹಣ ತೆಗೆದುಕೊಳ್ಳದೆ. ಯಾವುದೋ ಊರಿನಲ್ಲಿ ಯಾರೋ ಅಜ್ಜಿ ಟಿವಿ ನೋಡುತ್ತ ಹೆಣೆದದ್ದು ಅಕ್ಕನ ರವಿಕೆಯಲ್ಲಿ ಸರಿಯಾಗಿ ಕೂರುತ್ತದೆ. ಬಾಗಿದರೂ ಜಾರುವುದಿಲ್ಲ. ನಿಮಗೆ ಕ್ರೋಶಾ ಬರುತ್ತದಲ್ಲ? ಮಾದರಿ ಕೇಳಿ ಪಡೆದುಕೊಳ್ಳಿ.

ರೇಡಿಯೇಷನ್ ವಾರಕ್ಕೆ ಐದು ದಿನ, ಮೂರು ವಾರ. ದಿನವೂ ಸಿರಾದಿಂದ ಓಡಾಡಲಾಗದು. ಕಿದ್ವಾಯಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆ ಇದೆ, ಜಾಗಕ್ಕೆ ಮೊದಲೇ ಕೇಳಿಡಬೇಕು. ಮೊದಲ ವಾರ ನೀವು, ಎರಡನೇ ವಾರ ಅಕ್ಕನ ನಾದಿನಿ, ಮೂರನೆಯದಕ್ಕೆ ಭಾವ. ಬೆಂಗಳೂರಿನಲ್ಲಿ ದಿಕ್ಕು ತಿಳಿಯದ ಭಾವ ಈಗ ಯಾವ ಕೋಣೆ ಎಲ್ಲಿ ಎಂದು ಹೊಸಬರಿಗೆ ತೋರಿಸುತ್ತಾರೆ.

ಆಮೇಲೆ ಎಲ್ಲರೂ ಮುಗಿಯಿತೆಂದುಕೊಳ್ಳುತ್ತಾರೆ. ಕೂದಲು ಬಂದಿದೆ, ಅಕ್ಕ ಹಾಲು ಕರೆಯುತ್ತಾಳೆ. ಕೇಳುವವರು ಕಡಿಮೆಯಾಗುತ್ತಾರೆ. ಆದರೆ ದಿನಕ್ಕೊಂದು ಮಾತ್ರೆ ಕನಿಷ್ಠ ಐದು ವರ್ಷ, ಅದನ್ನು ಬಿಡುವ ಹಾಗಿಲ್ಲ. ಮೈ ಬಿಸಿಯೇರುತ್ತದೆ, ಸಂದು ನೋಯುತ್ತದೆ, "ಚೆನ್ನಾಗೇ ಇದೀನಲ್ಲ, ಯಾಕೆ ಇನ್ನೂ" ಎಂಬ ಮಾತು ಬರುತ್ತದೆ. ಎಷ್ಟೋ ಜನ ಸದ್ದಿಲ್ಲದೆ ನಿಲ್ಲಿಸುವುದು ಇಲ್ಲೇ. ಮಾತ್ರೆಯ ಹಾಳೆ ಮುಗಿಯುವ ವಾರ ಮೊದಲೇ ನೀವು ಕೇಳುತ್ತೀರಿ, ಸಿರಾಕ್ಕೆ ಹೋಗುವವರ ಕೈಯಲ್ಲಿ ಖಾಲಿ ಹಾಳೆ ಕೊಟ್ಟು ತರಿಸುತ್ತೀರಿ. ಮೂರು ತಿಂಗಳಿಗೊಮ್ಮೆಯ ತಪಾಸಣೆಯ ದಿನವನ್ನು ಎರಡೂ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಿ.

ಈ ಸಲದ ದಿನ ಊರ ಜಾತ್ರೆಯ ದಿನಕ್ಕೇ ಬಿದ್ದಿದೆ.

"ತೇರಿನ ದಿನ ಯಾರಾನ ಆಸ್ಪತ್ರೆಗೆ ಹೋಗ್ತಾರೇನೆ? ಮುಂದಿನ ತಿಂಗ್ಳು ನೋಡಾಣ."

"ತೇರು ಎಳಿಯೋದು ಸಂಜೆ ಕಣಕ್ಕ. ಮೊದ್ಲ ಬಸ್ಸಿಗೆ ಹೋದ್ರೆ ನಾಲ್ಕು ಗಂಟೆಗೆ ಬಂದಿರ್ತೀವಿ. ಹೋಳಿಗೆ ಹೂರಣ ರಾತ್ರೀನೇ ರುಬ್ಬಿಟ್ಕೋ, ನಮ್ಮತ್ತೆ ಬೇಯಿಸ್ತಾರೆ."